ಬಚ್ಚಲ ಕಲ್ಲನ್ನು ಕಾಲು ಆರಿಸಲಿ

ನಮ್ಮ ಜವಳಗೇರಾದ ಕಡೆ ಗೃಹಪ್ರವೇಶಕ್ಕೆ ಹೋದರೆ ಈಗ ದೇವರ ಕೋಣೆಯಷ್ಟೇ ಉತ್ಸಾಹದಿಂದ ಬಚ್ಚಲನ್ನೂ ತೋರಿಸುತ್ತಾರೆ. ನೆಲಕ್ಕೆ ಕನ್ನಡಿಯಂತೆ ಹೊಳೆಯುವ ಬಿಳಿ ಮಾರ್ಬಲ್. ಬಂದವರು ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, ‘ಭಾರಿ ಆಗೇದ ನೋಡ್ರಿ’ ಎಂದು ಹೊಗಳಿ ಊಟಕ್ಕೆ ಹೋಗುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಶುರು. ಬಚ್ಚಲು ನೋಡುವ ಜಾಗವಲ್ಲ. ಒದ್ದೆ ಕಾಲಲ್ಲಿ, ಸೋಪಿನ ನೊರೆಯಲ್ಲಿ, ಕನ್ನಡಕ ತೆಗೆದಿಟ್ಟು ನಿಲ್ಲುವ ಜಾಗ. ಅದರ ಕಲ್ಲನ್ನು ಆರಿಸಬೇಕಾದದ್ದು ಮನೆಯ ಹಿರಿಯರ ಪಾದ. ನಾವು ಆರಿಸುತ್ತಿರುವುದು ಒಂದು ದಿನ ಬಂದುಹೋಗುವ ಅತಿಥಿಯ ಕಣ್ಣಿಗಾಗಿ.

ಈ ಹೊಳಪಿನ ಆಸೆ ಎಲ್ಲಿಂದ ಬಂತೆಂಬುದು ಗುಟ್ಟೇನಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳಿಗೆ ಹರಿಯಿತು, ಜೋಳದ ನಾಡು ಭತ್ತದ ನಾಡಾಯಿತು. ಭತ್ತದ ದುಡ್ಡಿನಲ್ಲಿ ಮನೆ ಕಟ್ಟಿದ್ದು ತಪ್ಪಲ್ಲ. ಆದರೆ ಹಳೆಯ ಮನೆಯ ಶಹಾಬಾದ್ ಫರಸಿ ಬಡತನದ ಗುರುತೆನಿಸಿ ಅಂಗಳದಾಚೆ ಬಿತ್ತು. ವಾಡಿ ದಾಟಿ ಕಲಬುರಗಿಗೆ ಹೋಗುವ ರೈಲುದಾರಿಯ ಶಹಾಬಾದ್‌ನಿಂದ ಬಂದ, ಪದರಪದರವಾಗಿ ಏಳುವ ಆ ಸುಣ್ಣದ ಕಲ್ಲು ಪಾಲಿಶ್ ಇಲ್ಲದಿದ್ದರೆ ಕಾಲನ್ನು ಹಿಡಿದು ನಿಲ್ಲಿಸುತ್ತಿತ್ತು. ಹೊಸ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ.

ಮಾರ್ಬಲ್ಲಿನ ತೊಂದರೆ ಜಾರುವಿಕೆಯೊಂದೇ ಅಲ್ಲ. ಅದರ ಮೂಲ ದ್ರವ್ಯವೂ ಶಹಾಬಾದ್ ಕಲ್ಲಿನಂತೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ ತಾಗಿದರೆ ಕರಗುವಂಥದ್ದು. ನಮ್ಮಲ್ಲಿ ಬೋರ್‌ವೆಲ್ಲಿನ ಸವಳು ನೀರು ನೆಲದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅದನ್ನು ತೆಗೆಯಲು ಮನೆಮನೆಯಲ್ಲೂ ಆ್ಯಸಿಡ್ ಬಾಟಲಿ. ಆ್ಯಸಿಡ್ ಪೊರೆಯ ಜೊತೆ ಕಲ್ಲನ್ನೂ ತಿನ್ನುತ್ತದೆ, ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ತುಂಡು ಕಲ್ಲಿನ ಮೇಲೆ ನಿಂಬೆರಸ ಹಿಂಡಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಗೊತ್ತಾಗುತ್ತದೆ. ಆ್ಯಸಿಡ್ ಬಿಡಲಾರದ ಮನೆಗೆ ಶಹಾಬಾದ್ ಫರಸಿಯನ್ನೂ ನಾನು ಹೇಳುವುದಿಲ್ಲ. ಅಂಥವರಿಗೆ ಗ್ರಾನೈಟೇ ಸರಿ.

ಗ್ರಾನೈಟಿಗಾಗಿ ನಾವು ದೂರ ಹೋಗಬೇಕೇ? ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಬೂದು ಕಲ್ಲು, ಅದರಾಚೆ ಇಳಕಲ್ಲಿನ ಕೆಂಪು ಕಲ್ಲು ದೇಶದಾಚೆಗೂ ಹೆಸರಾದವು. ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಕೊರೆದ ಶಾಸನ ಅಲ್ಲಲ್ಲಿ ಸವೆದಿದ್ದರೂ, 1915ರಲ್ಲಿ ಪತ್ತೆಯಾದಾಗ ‘ಅಶೋಕ’ ಎಂಬ ಹೆಸರು ಓದಲು ಸಿಕ್ಕಿತು. ಇಂಥ ಬಂಡೆಗಳ ನಡುವೆ ಕುಳಿತು ನಾವು ಇಟಲಿಯ ಕಲ್ಲಿಗೆ ಸಾಲ ಮಾಡುತ್ತಿದ್ದೇವೆ. ಬಚ್ಚಲಿಗೆ ಗ್ರಾನೈಟ್ ಕೇಳಿದ ನನಗೆ ಅಂಗಡಿಯವರೊಬ್ಬರು, ‘ಅದು ಅಡಗಿಮನಿ ಕಟ್ಟಿಗೆ ಇರ್ಲಿ ಬಿಡ್ರಿ ಸರ, ಬಚ್ಚಲಕ್ಕ ಮಾರ್ಬಲ್ಲೇ ಛಲೋ ಕಾಣ್ತದ’ ಎಂದರು. ಕಾಣ್ತದ, ನಿಜ.

ಆದರೆ ಪಾಲಿಶ್ ಮಾಡಿದ ಗ್ರಾನೈಟೂ ಒದ್ದೆಯಾದರೆ ಜಾರುತ್ತದೆ. ಕಲ್ಲಿನ ಹೆಸರಿಗಿಂತ ಅದರ ಮುಖ ಮುಖ್ಯ. ಬೆಂಕಿಯ ಜ್ವಾಲೆ ಹಾಯಿಸಿದರೆ ಮೇಲ್ಪದರದ ಹರಳುಗಳು ಸಿಡಿದು ಕಲ್ಲು ತರಿತರಿಯಾಗುತ್ತದೆ. ಇದಕ್ಕೆ ಫ್ಲೇಮ್ ಫಿನಿಶ್ ಎನ್ನುತ್ತಾರೆ. ಜರ್ಮನಿಯ ಡಿಐಎನ್ 51097 ಎಂಬ ಮಾನದಂಡದಲ್ಲಿ ಸೋಪುನೀರು ಹರಿಯುವ ಹಲಗೆಯ ಮೇಲೆ ಮನುಷ್ಯನನ್ನು ಬರಿಗಾಲಲ್ಲಿ ನಡೆಸಿ, ಹಲಗೆಯನ್ನು ಮೆಲ್ಲಗೆ ಓರೆ ಮಾಡುತ್ತಾರೆ. 12, 18, 24 ಡಿಗ್ರಿಗಳ ಲೆಕ್ಕದಲ್ಲಿ ನೆಲಕ್ಕೆ ಎ, ಬಿ, ಸಿ ದರ್ಜೆ ಸಿಗುತ್ತದೆ. ಅಲ್ಲಿ ತೀರ್ಪು ಕೊಡುವುದು ಪಾದ.

ತರಿ ನೆಲದಲ್ಲಿ ಕೊಳೆ ಕೂರುತ್ತದೆ ಎನ್ನುವವರಿದ್ದಾರೆ. ಕೂರುತ್ತದೆ, ಬ್ರಶ್ ಹಾಕಿ ತಿಕ್ಕಬೇಕು. ತಿಕ್ಕುವ ಕೆಲಸ ಮನೆಯ ಹೆಂಗಸರೊಬ್ಬರದೇ ಆಗಿದ್ದರೆ ಗಂಡಸರೂ ಬ್ರಶ್ ಹಿಡಿಯಲಿ. ಮುರಿದ ಸೊಂಟದ ಮೂಳೆ ಯಾವ ಬ್ರಶ್ಶಿಗೂ ಸರಿಹೋಗುವುದಿಲ್ಲ.

‘ನೈಸರ್ಗಿಕ’ ಎಂಬ ಮಾತಿಗೂ ಮರುಳಾಗಬೇಡಿ. ಗ್ರಾನೈಟನ್ನು ಒಣದಾಗಿ ಕೊಯ್ದರೆ ಏಳುವ ಸಿಲಿಕಾ ದೂಳು ಕಾರ್ಮಿಕರ ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ತರುತ್ತದೆ. ಗ್ರಾನೈಟಿಗಿಂತಲೂ ಹೆಚ್ಚು ಸಿಲಿಕಾ ಇರುವ ಕೃತಕ ಕ್ವಾರ್ಟ್ಜ್ ಕಲ್ಲನ್ನು ಇದೇ ಕಾರಣಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿತು. ನಿಮ್ಮ ಮನೆಯ ಮುಂದೆಯೇ ಕಲ್ಲು ಕೊಯ್ಯಲು ಬಂದವರಿಗೆ ನೀರಿನ ಪೈಪು ಕೊಡಿ, ಮೂಗಿಗೆ ಒಳ್ಳೆಯ ಮಾಸ್ಕ್ ಕೊಡಿಸಿ. ಅವ್ವನ ಕಾಲು ಜಾರಬಾರದೆಂದು ತಂದ ಕಲ್ಲು ಇನ್ನೊಬ್ಬರ ಮಗನ ಉಸಿರು ಕಟ್ಟಿಸಬಾರದು.

ಕಲ್ಲಿನ ಅಂಗಡಿಗೆ ಹೋದಾಗ ಮೊದಲು ಒಂದು ಚೊಂಬು ನೀರು, ಚೂರು ಸೋಪು ಕೇಳಿ. ಕಲ್ಲಿನ ಮೇಲೆ ಸುರಿದು, ಚಪ್ಪಲಿ ಬಿಟ್ಟು, ಯಾರದಾದರೂ ಕೈ ಹಿಡಿದು ನಿಂತು ನೋಡಿ. ನೀರು ಹಾಕಲು ಒಪ್ಪದ ಅಂಗಡಿಯಿಂದ ಹೊರಗೆ ಬನ್ನಿ. ಬೆಲೆ ಕೇಳುವುದು ಆಮೇಲೆ.