ಕಾಗದ ಕತ್ತರಿಸುವ ಸಾಧನದ ಆಯ್ಕೆ

ಕರಕುಶಲ ತರಗತಿಗೆ ಕಾಗದ ಕತ್ತರಿಸುವ ಸಾಧನವನ್ನು ಕೊಳ್ಳುವಾಗ ದೊಡ್ಡದೂ ಭಾರವಾದದ್ದೂ ಆದುದೇ ಉತ್ತಮವೆಂಬ ಭಾವನೆ ದಾನಿಗಳಲ್ಲಿಯೂ ಶಾಲೆಗಳಲ್ಲಿಯೂ ಉಂಟು. ಇದು ಒಪ್ಪತಕ್ಕದ್ದಲ್ಲ. ಉದ್ದನೆಯ ಹಿಡಿಯ ಗಿಲೋಟಿನ್ ಒಂದೇ ಏಟಿಗೆ ಹಲವು ಹಾಳೆಗಳನ್ನು ಕತ್ತರಿಸಬಲ್ಲದು, ನಿಜ; ದಪ್ಪ ಕಾರ್ಡಿಗೂ ಅದು ಜಗ್ಗದು. ಆದರೆ ಬೆರಳುಗಾವಲಿಲ್ಲದ ಗಿಲೋಟಿನ್ನಿನಲ್ಲಿ ಹಾಳೆಯನ್ನು ಒತ್ತಿ ಹಿಡಿದ ಮಗುವಿನ ಎಡಗೈ ಅಲಗಿನ ಅಂಚಿಗೇ ಬಂದಿರುತ್ತದೆ. ಸ್ಪ್ರಿಂಗು ಸಡಿಲವಾದರಂತೂ ಎತ್ತಿಟ್ಟ ಹಿಡಿ ತಾನಾಗಿಯೇ ಕೆಳಗೆ ಬೀಳುವುದು.

ಚಿತ್ರಸಂಪುಟ, ಶುಭಾಶಯ ಪತ್ರ, ಹಳೆಯ ಲಗ್ನಪತ್ರಿಕೆಗಳಿಂದ ಮಾಡುವ ಪುಟಗುರುತು, ಇವುಗಳಿಗೆ ಬೇಕಾದುದು ರಾಶಿಯಲ್ಲ, ನೇರವಾದ ಅಂಚು. ಅದಕ್ಕೆ ಉರುಳುವ ದುಂಡಲಗಿನ ರೋಟರಿ ಟ್ರಿಮ್ಮರ್ ಸಾಕು. ಅದರ ಅಲಗು ಕವಚದೊಳಗೆ ಅಡಗಿ ಕಂಬಿಯ ಮೇಲೆ ಸರಿಯುತ್ತದೆ. ಒಂದು ಸಲಕ್ಕೆ ಕೆಲವೇ ಹಾಳೆ. ಆ ನಿಧಾನವೇ ಮಕ್ಕಳಿಗೆ ಹಿತ. ಅಳತೆಯಲ್ಲಿ ಮಾತ್ರ ಎಚ್ಚರ ಬೇಕು. ಎ4 ಹಾಳೆಯ ಉದ್ದ 297 ಮಿಲಿಮೀಟರ್. ಸ್ಕ್ರ್ಯಾಪ್‌ಬುಕ್ಕಿನ ಚೌಕ ಹಾಳೆ 12 ಅಂಗುಲ, ಎಂದರೆ ಸುಮಾರು 305. ಎ4 ಉದ್ದಕ್ಕೆ ಸರಿಯಾಗಿ ಮಾಡಿದ ಸಾಧನವು ಕೇವಲ 8 ಮಿಲಿಮೀಟರಿನ ಕೊರತೆಯಿಂದ ಆ ಹಾಳೆಗೆ ನಿರುಪಯೋಗಿಯಾಗುತ್ತದೆ.

ಬದಲಿ ಅಲಗು ಸಮೀಪದ ಪೇಟೆಯಲ್ಲಿ ದೊರೆಯುವುದೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಮೊಂಡಾದ ಅಲಗು ಕಾಗದವನ್ನು ಕತ್ತರಿಸದೆ ಹರಿದುಹಾಕುತ್ತದೆ. ಆಗ ಉಪಾಧ್ಯಾಯರು ಮತ್ತೆ ಕತ್ತರಿಯನ್ನೇ ಹಿಡಿಯುತ್ತಾರೆ. ದಾನಿಯ ಹೆಸರು ಬರೆಸಿದ ಸಾಧನ ಬೀರುವಿನಲ್ಲಿ ಧೂಳು ಹಿಡಿಯುತ್ತದೆ. ಅಲಗು ಬದಲಿಸುವ ಕೆಲಸವೂ ಉಪಾಧ್ಯಾಯರದೇ, ಮಕ್ಕಳದಲ್ಲ. ಈಗಾಗಲೇ ಗಿಲೋಟಿನ್ ಇರುವ ಶಾಲೆಯು ಅದನ್ನು ಎಸೆಯಬೇಕಾಗಿಲ್ಲ. ಬೀಗವಿರುವ ಕೊಠಡಿಯಲ್ಲಿರಿಸಿ, ಕೀಲಿಯನ್ನು ಕರಕುಶಲ ಉಪಾಧ್ಯಾಯರ ವಶಕ್ಕೆ ಕೊಡಲಿ.