ನೀರು ಯಾವ ವಿಭಾಗಕ್ಕೆ ಸೇರಿದ್ದು?

ನಾಲ್ಕು ವರ್ಷಗಳ ಹಿಂದಿನ ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಪಿಎಚ್.ಡಿ.ಗೆ ಹೆಸರು ನೋಂದಾಯಿಸಲು ಒಂದು ವಿಶ್ವವಿದ್ಯಾಲಯಕ್ಕೆ ಹೊರಟಳು. ಅವಳ ಅಪ್ಪನಿಗೆ ಕೂಲಿ ಬಿಟ್ಟು ಬರುವಂತಿರಲಿಲ್ಲ. "ಮಿಸ್, ನೀವಾದರೂ ಬನ್ನಿ" ಎಂದಳು. ಹೋದೆ. ಅವಳ ಕೈಯಲ್ಲಿದ್ದ ಪ್ರಶ್ನೆ ಸರಳವಾಗಿತ್ತು: ನಮ್ಮೂರ ಅಜ್ಜಿಯರ ಹಲ್ಲು ಎಲೆಅಡಿಕೆಯ ಕೆಂಪು ಬಿಟ್ಟರೆ ಚೆನ್ನಾಗಿವೆ, ಮೊಮ್ಮಕ್ಕಳ ಹಲ್ಲಿಗೆ ಮಾತ್ರ ಕಂದು ಕಲೆ, ಇದು ಹೇಗಾಯಿತು, ಇದಕ್ಕಾಗಿ ಒಂದೊಂದು ಮನೆ ತೆರುತ್ತಿರುವ ಬೆಲೆ ಎಷ್ಟು?

ಪ್ರಶ್ನೆಯ ಹಿನ್ನೆಲೆ ಹೇಳಬೇಕು. ನಾನು ಹುಟ್ಟಿದ್ದು ತುಮಕೂರು ಜಿಲ್ಲೆಯ ದಕ್ಷಿಣದ ಕುಣಿಗಲ್ ತಾಲ್ಲೂಕಿನಲ್ಲಿ. ಪಾಠ ಹೇಳುತ್ತ ನೆಲೆಸಿದ್ದು ಅದೇ ಜಿಲ್ಲೆಯ ಉತ್ತರದ ತುದಿ, ಪಾವಗಡ ಸೀಮೆಯಲ್ಲಿ. ಇಲ್ಲಿ ಹಿಂದೆ ತೆರೆದ ಬಾವಿಯ ನೀರು ಕುಡಿಯುತ್ತಿದ್ದರು. ಕೆರೆಯಲ್ಲಿ ಹೂಳು ತುಂಬಿತು, ಬಾವಿ ಬತ್ತಿತು, ಕೊಳವೆಬಾವಿ ಬಂತು. ಆಳಕ್ಕೆ ಹೋದಷ್ಟೂ ಗ್ರಾನೈಟ್ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತಿದ್ದ ನೀರು ಮೇಲೆ ಬರುತ್ತದೆ. ಅದರೊಡನೆ ಬಂಡೆಯ ಫ್ಲೋರೈಡೂ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ. ತೀರ ಹೆಚ್ಚಾದರೆ ಬೆನ್ನು, ಕೀಲು ಹಿಡಿಯುತ್ತವೆ. ಕುದಿಸಿದರೆ ಹೋಗುವ ದೋಷ ಇದಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ.

ನೀರು ಏಕೆ ಆಳಕ್ಕಿಳಿಯಿತು ಎಂದರೆ ಭೂಗರ್ಭಶಾಸ್ತ್ರ. ಕಲೆ ಏಕೆ ಎಂದರೆ ವೈದ್ಯಶಾಸ್ತ್ರ. ಸಾಲ ಮಾಡಿ ಬೋರ್ ಏಕೆ ಕೊರೆಸಿದರು ಎಂದರೆ ಅರ್ಥಶಾಸ್ತ್ರ. ಕೆರೆ ನೋಡಿಕೊಳ್ಳುತ್ತಿದ್ದ ನೀರುಗಂಟಿ ಎಲ್ಲಿ ಹೋದ ಎಂದರೆ ಚರಿತ್ರೆ. ಬಿಂದಿಗೆ ಯಾರ ಸೊಂಟದ ಮೇಲಿದೆ ಎಂದು ಕೇಳಿದರೆ ಸಮಾಜಶಾಸ್ತ್ರ. ಒಂದೇ ಬಿಂದಿಗೆಯಲ್ಲಿ ಇಷ್ಟು ಶಾಸ್ತ್ರಗಳಿವೆ.

ವಿಶ್ವವಿದ್ಯಾಲಯದಲ್ಲಿ ಏನಾಯಿತು ಕೇಳಿ. ಅರ್ಥಶಾಸ್ತ್ರದವರು "ಫ್ಲೋರೈಡ್ ಎಂದ ಮೇಲೆ ಇದು ಕೆಮಿಸ್ಟ್ರಿ ಕಣಮ್ಮ" ಎಂದರು. ರಸಾಯನಶಾಸ್ತ್ರದವರು "ನೀನು ಎಂ.ಎಸ್ಸಿ. ಮಾಡಿಲ್ಲವಲ್ಲ" ಎಂದರು. ಪರಿಸರ ವಿಜ್ಞಾನದವರು ಮನೆ ಖರ್ಚಿನ ಲೆಕ್ಕ ತಮ್ಮದಲ್ಲವೆಂದು ಸಮಾಜಶಾಸ್ತ್ರದ ಕಡೆ ಕೈ ತೋರಿಸಿದರು. ಅಲ್ಲಿ ಗೈಡ್ ಖಾಲಿ ಇರಲಿಲ್ಲ. ಯಾರೂ ಒರಟಾಗಿ ಮಾತಾಡಲಿಲ್ಲ. ಒಬ್ಬರು ಕಾಫಿಯನ್ನೂ ಕೊಡಿಸಿದರು. ಮೆಟ್ಟಿಲಿಳಿದು ಬರುವಾಗ ಗೋಡೆಯ ಮೇಲೊಂದು ದೊಡ್ಡ ಬ್ಯಾನರು ಕಂಡಿತು: ಸುಸ್ಥಿರ ಅಭಿವೃದ್ಧಿಯ ಬಗ್ಗೆ ಎರಡು ದಿನಗಳ ಅಂತರ್‌ಶಿಸ್ತೀಯ ವಿಚಾರ ಸಂಕಿರಣ. "ಅಂತರ್‌ಶಿಸ್ತೀಯ ಅಂದ್ರೆ ಏನು ಮಿಸ್?" ಎಂದಳು. ನನ್ನ ಬಿ.ಎ., ಬಿ.ಎಡ್. ಅಷ್ಟಕ್ಕೆ ಸಾಕಾಗಿತ್ತು, ಬೇರೆ ಬೇರೆ ಶಾಸ್ತ್ರದವರು ಕೂಡಿ ಒಂದು ಪ್ರಶ್ನೆಯನ್ನು ನೋಡುವುದು ಎಂದು ಹೇಳಿದೆ. ಹುಡುಗಿ ನಕ್ಕುಬಿಟ್ಟಳು. ಆ ನಗು ನನ್ನನ್ನು ಇನ್ನೂ ಚುಚ್ಚುತ್ತದೆ.

ನನ್ನ ಆಕ್ಷೇಪ ಇಷ್ಟೇ. ನಮ್ಮ ವಿಶ್ವವಿದ್ಯಾಲಯಗಳು ಮೊದಲು ವಿಭಾಗವನ್ನು ಕಟ್ಟಿ, ಆಮೇಲೆ ಅದರ ಬಾಗಿಲಿಗೆ ಹಿಡಿಸುವ ಪ್ರಶ್ನೆಯನ್ನು ಹುಡುಕುತ್ತವೆ. ಜನರ ಬದುಕಿನಿಂದ ಬಂದ ಪ್ರಶ್ನೆ ಸ್ವಲ್ಪ ಅಗಲವಾಗಿದ್ದರೆ ಅದನ್ನು ಹೊರಗೇ ನಿಲ್ಲಿಸುತ್ತವೆ. ಹೀಗಿರುವವರೆಗೆ ಸುಸ್ಥಿರತೆಯ ಹೆಸರಿನಲ್ಲಿ ಎಷ್ಟು ಸಂಕಿರಣ ನಡೆದರೂ ಅದು ಊಟದ ಕೂಪನ್ನಿನ ಸಂಭ್ರಮ ಮಾತ್ರ.

ಬೇರೆ ದಾರಿಯೇ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ಆ ದಾರಿಯನ್ನು ನಾನು ನನ್ನ ಅವ್ವನ ಅಡುಗೆಮನೆಯಲ್ಲೇ ನೋಡಿದ್ದೇನೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರು 'ಅಸ್ತ್ರ' ಎಂಬ ಕಾರ್ಯಕ್ರಮ ಆರಂಭಿಸಿದರು. ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗೆ ಒಗ್ಗಿಸುವುದು ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದಕ್ಕೊಂದು ಕೇಂದ್ರವಾಯಿತು. ಅವರು ಮೊದಲು ಮಾಡಿದ್ದರಲ್ಲಿ ಒಂದು ಕೆಲಸವೆಂದರೆ, ಸುತ್ತಲಿನ ಹಳ್ಳಿಗಳಲ್ಲಿ ಸೌದೆ ಎಷ್ಟು, ಸೀಮೆಎಣ್ಣೆ ಎಷ್ಟು, ನೀರು ತರಲು ಯಾರು ಎಷ್ಟು ಹೊತ್ತು ನಡೆಯುತ್ತಾರೆ ಎಂದು ಲೆಕ್ಕ ಹಾಕಿದ್ದು. ಆರು ಹಳ್ಳಿಗಳ ಆ ಲೆಕ್ಕದಲ್ಲಿ ಮನುಷ್ಯರ ದುಡಿಮೆಯ ಗಂಟೆಗಳಲ್ಲಿ ಶೇಕಡಾ 53 ಹೆಂಗಸರದು, 31 ಗಂಡಸರದು, 16 ಮಕ್ಕಳದು ಎಂದು ತಿಳಿಯಿತು. 1982ರಲ್ಲಿ ಶ್ರೀಲತಾ ಬಾಟ್ಲಿವಾಲಾ ಅವರು ಈ ಅಂಕಿಗಳನ್ನು ಆಹಾರದ ಲೆಕ್ಕದ ಪಕ್ಕದಲ್ಲಿಟ್ಟು, ಹೆಣ್ಣಿನ ದುಡಿಮೆಗೂ ತಟ್ಟೆಗೂ ತಾಳೆಯಾಗುವುದಿಲ್ಲವೆಂದು ಬರೆದರು. ಸೌದೆ ತೂಗಿದವರ ಲೆಕ್ಕ ಪೌಷ್ಟಿಕತೆಯ ವಾದವಾಯಿತು. ಇದಕ್ಕೆ ಯಾವ ಬ್ಯಾನರೂ ಬೇಕಾಗಿರಲಿಲ್ಲ.

ಆಮೇಲೆ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ, ಹೊಗೆಕೊಳವೆಯಿರುವ ಮಣ್ಣಿನ ಒಲೆ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೂ ಅಂಥ ಒಲೆ ಬಂತು. ಅದು ಬರುವ ಮೊದಲು ನಮ್ಮಡುಗೆಮನೆಯ ತೊಲೆಗಳು ಇದ್ದಿಲಿನಂತಿದ್ದವು. ಅವ್ವನ ಕೆಮ್ಮು ನಮಗೆ ಬೆಳಗಿನ ಗಡಿಯಾರವಾಗಿತ್ತು. ನೋಡಲು ಬಂದ ಹುಡುಗನಿಗೆ ಅವ್ವ ಮುಲಾಜಿಲ್ಲದೆ ಹೇಳಿದಳು: "ನೋಡಪ್ಪ, ಮುದ್ದೆ ತೊಳಸುವಾಗ ಮಡಕೆ ಅಲ್ಲಾಡಬಾರದು. ಅಲ್ಲಾಡಿದರೆ ನಿನ್ನ ಒಲೆ ನೀನೇ ತಗೊಂಡು ಹೋಗು." ಅವನು ಅದನ್ನು ಬರೆದುಕೊಂಡ. ಅಕ್ಷರ ಬಾರದ ನನ್ನ ಅವ್ವನ ಮಾತನ್ನು ಒಬ್ಬ ಓದಿದವನು ಬರೆದುಕೊಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಮೇಡಮ್ಮಾಗಬೇಕೆಂದು ಅಂದುಕೊಂಡದ್ದು ಆ ದಿನವೇ ಇರಬೇಕು.

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆ ಇನ್ನೂ ದೊಡ್ಡದು. ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಅನಿಲ ಸ್ಥಾವರ ಕಟ್ಟಿ ಅಡುಗೆಗೆ ಅನಿಲ ಕೊಡುವುದೆಂದು ಯೋಚನೆ. ಅಷ್ಟಕ್ಕೆ ಸಗಣಿಯೇ ಸಾಲಲಿಲ್ಲ. ಊರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಆಗ ಯೋಜನೆಯನ್ನೇ ತಿರುಗಿಸಿದರು. 1987ರಿಂದ ಆ ಅನಿಲದಿಂದ ಎಂಜಿನ್ ನಡೆಸಿ, ವಿದ್ಯುತ್ ಉತ್ಪಾದಿಸಿ, ಮನೆಗಳಿಗೆ ದೀಪ ಮತ್ತು ನೀರು ಕೊಟ್ಟರು. ಸಗಣಿ ತಂದವರಿಗೆ ಕಾಸು, ಗೊಬ್ಬರವಾಗಿ ಉಳಿದ ಬಗ್ಗಡ ವಾಪಸು. ಆ ಸ್ಥಾವರ ಶಾಶ್ವತವಾಗಿ ನಡೆಯಲಿಲ್ಲ, ನಿಜ. ಆದರೆ ರೆಡ್ಡಿಯವರು ಅದನ್ನು ಮುಚ್ಚಿಡಲಿಲ್ಲ. 2004ರಲ್ಲಿ ಪುರ ಕಲಿಸಿದ ಪಾಠಗಳೇನೆಂದು ಲೇಖನ ಬರೆದರು. ಸೋತದ್ದನ್ನೂ ಪಾಠ ಮಾಡುವವನೇ ನನ್ನ ಲೆಕ್ಕದಲ್ಲಿ ಮೇಷ್ಟರು.

ಪಂಡಿತರು ಒಂದು ಮಾತು ಹೇಳುತ್ತಾರೆ: ಎಲ್ಲ ಶಾಸ್ತ್ರಗಳಲ್ಲಿ ಕೈಯಾಡಿಸಿದರೆ ಯಾವುದೂ ಗಟ್ಟಿಯಾಗುವುದಿಲ್ಲ. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಅರೆಬೆಂದ ರೊಟ್ಟಿ ಯಾರ ಹೊಟ್ಟೆಗೂ ಹಿತವಲ್ಲ. ಆದರೆ ರೆಡ್ಡಿಯವರು ಅರೆಬೆಂದವರೆ? ವಿದ್ಯುತ್ ರಸಾಯನಶಾಸ್ತ್ರದಲ್ಲಿ ಬಾಕ್ರಿಸ್ ಅವರೊಡನೆ ಅವರು ಬರೆದು 1970ರಲ್ಲಿ ಪ್ರಕಟವಾದ ಪಠ್ಯ ಆ ಶಾಸ್ತ್ರದ ಹೆಸರಾಂತ ಗ್ರಂಥ. ಅಂಥವರು ಸೌದೆಯ ಹೊರೆ ತೂಗಲು ಹೋದರು. ತನ್ನ ಶಾಸ್ತ್ರ ಗಟ್ಟಿಯಾಗಿರುವವನಿಗೆ ಪಕ್ಕದ ಮನೆಯ ಬಾಗಿಲು ತಟ್ಟಲು ಅಂಜಿಕೆಯಿರುವುದಿಲ್ಲ.

ಇನ್ನು ಬೋಧನೆಯ ವಿಷಯ. ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲಿ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಹೇಳಿತು. ಹತ್ತು ವರ್ಷ ಕಳೆದ ಮೇಲೆ, ಕೋರ್ಟು ಮತ್ತೆ ಚುರುಕು ಮುಟ್ಟಿಸಿದಾಗ, ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಪಾಠಕ್ರಮ ತಂದಿತು. ಅದರಲ್ಲಿ 100 ಅಂಕಗಳ ಪೈಕಿ 25 ಕ್ಷೇತ್ರಕಾರ್ಯಕ್ಕೆ ಮೀಸಲಾಗಿತ್ತು. ಒಳ್ಳೆಯ ಏರ್ಪಾಡು. ನಡೆದದ್ದೇನು? ನನ್ನ ಮಗ ಪದವಿಯಲ್ಲಿದ್ದಾಗ ಅವನ ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ 'ನಮ್ಮೂರ ಕೆರೆ' ಎಂಬ ವರದಿ ಸಿದ್ಧವಾಗಿ ಸಿಗುತ್ತಿತ್ತು. ಊರಿನ ಹೆಸರು ಬರೆಯುವ ಜಾಗ ಮಾತ್ರ ಖಾಲಿ. 2020ರ ಶಿಕ್ಷಣ ನೀತಿ ಬಹುಶಿಸ್ತೀಯವೆಂಬ ಪದವನ್ನು ಮತ್ತೆ ಮತ್ತೆ ಹೇಳುತ್ತದೆ. ಆ ಖಾಲಿ ಜಾಗ ತುಂಬದೆ ನೀತಿಯಿಂದ ಏನು ಬಂತು?

ಟೀಕೆ ಮಾಡಿ ಕೈ ತೊಳೆದುಕೊಳ್ಳುವುದು ಸುಲಭ; ಬೇಕಾದ್ದನ್ನೂ ಹೇಳುತ್ತೇನೆ. ಸಂಶೋಧನೆಗೆ ಪ್ರಶ್ನೆಯ ಹೆಸರಿನಲ್ಲಿ ನೋಂದಣಿಯಾಗಲಿ, ಎರಡು ವಿಭಾಗಗಳ ಇಬ್ಬರು ಕೂಡಿ ಮಾರ್ಗದರ್ಶನ ಮಾಡಲಿ, ಅದಕ್ಕೆ ಇಬ್ಬರಿಗೂ ಪೂರ್ತಿ ಮನ್ನಣೆ ಸಿಗಲಿ. ಕ್ಷೇತ್ರಕಾರ್ಯದ ವರದಿಯನ್ನು ಆ ಊರಿನ ಜನರ ಮುಂದೆ ಕನ್ನಡದಲ್ಲಿ ಓದಲಿ. ತಪ್ಪಿದ್ದರೆ ಅಲ್ಲಿಯ ಅಜ್ಜಿಯೊಬ್ಬಳು ತಿದ್ದಲಿ. ಪ್ರಬಂಧದ ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿರಲಿ. ಪ್ರಾಧ್ಯಾಪಕರ ಬಡ್ತಿಗೆ ವಿದೇಶದ ಪತ್ರಿಕೆಯ ಲೇಖನ ಲೆಕ್ಕಕ್ಕೆ ಬರುವುದಾದರೆ, ಒಂದು ಊರಿನ ನೀರು ಸುಧಾರಿಸಿದ್ದೂ ಬರಲಿ.

ಆ ಹುಡುಗಿ ಈಗ ನಮ್ಮ ಶಾಲೆಯಲ್ಲೇ ಅತಿಥಿ ಶಿಕ್ಷಕಿ. ನಮ್ಮೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಅದು ಕೆಟ್ಟ ದಿನ ಮಕ್ಕಳು ಮತ್ತೆ ಬೋರಿನ ನೀರನ್ನೇ ಕುಡಿಯುತ್ತಾರೆ. ಘಟಕ ಎಂದು ಕೆಟ್ಟಿತು, ಎಷ್ಟು ದಿನ ಕೆಟ್ಟಿತು, ಕ್ಯಾನಿಗೆ ಯಾರ ಮನೆಯಲ್ಲಿ ಎಷ್ಟು ಹೋಯಿತು, ಸೋಸಿ ಹೊರಬಿಟ್ಟ ಉಪ್ಪುನೀರು ಯಾವ ಚರಂಡಿಗೆ ಹರಿಯಿತು, ಎಲ್ಲವನ್ನೂ ಅವಳು ಮಕ್ಕಳ ಕೈಯಲ್ಲಿ ಬರೆಸುತ್ತಿದ್ದಾಳೆ. ಮೂರು ನೋಟ್‌ಬುಕ್ಕು ತುಂಬಿವೆ. ಅದಕ್ಕೆ ಪಿಎಚ್.ಡಿ. ಸಿಗುವುದಿಲ್ಲ, ಗೌರವಧನವೂ ಹೆಚ್ಚುವುದಿಲ್ಲ.

ಆ ಪುಸ್ತಕಗಳು ನಮ್ಮ ಸ್ಟಾಫ್ ರೂಮಿನ ಬೀರುವಿನಲ್ಲಿವೆ. ಯಾವ ಪ್ರಾಧ್ಯಾಪಕರಾದರೂ ಬಂದು ನೋಡಬಹುದು. ಯಾವ ವಿಭಾಗದವರೆಂದು ನಾವು ಕೇಳುವುದಿಲ್ಲ. ಕುಡಿಯಲು ನೀರು ಮಾತ್ರ ಬೋರಿನದೇ ಕೊಡುತ್ತೇವೆ.