ಹೊಲವಿಲ್ಲದ ಗೋದಲಿ

ಡಿಸೆಂಬರ್ ತಿಂಗಳು ಕಾಲಿಟ್ಟೊಡನೆ ಬೆಂಗಳೂರಿನ ಹೊರವಲಯದ ಮಾಲುಗಳಲ್ಲಿ ಒಂದೊಂದು ಹಳ್ಳಿ ಹುಟ್ಟಿಕೊಳ್ಳುತ್ತದೆ. ಥರ್ಮೋಕೋಲಿನ ಗುಡ್ಡ, ಪ್ಲಾಸ್ಟಿಕ್ಕಿನ ಹುಲ್ಲು, ಹತ್ತಿಯ ಹಿಮ, ಅಚ್ಚಿನಲ್ಲಿ ಎರೆದ ಹಸು-ಕುರಿಗಳು, ನಡುವೆ ದನದ ಕೊಟ್ಟಿಗೆಯಲ್ಲಿ ಮಲಗಿದ ಹಸುಗೂಸು. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ನೌಕರವರ್ಗ ಮಕ್ಕಳನ್ನು ಕರೆತಂದು ಅದರ ಮುಂದೆ ಚಿತ್ರ ತೆಗೆಸಿಕೊಳ್ಳುತ್ತದೆ. ಜನವರಿಯ ಮೊದಲ ವಾರದಲ್ಲಿ ಆ ಹಳ್ಳಿಯನ್ನು ಬಿಚ್ಚಿ ಕಸದ ಲಾರಿಗೆ ತುಂಬಲಾಗುತ್ತದೆ. ಅದೇ ಕಟ್ಟಡದ ತಳಪಾಯದಡಿ ಹೂತುಹೋದ ನಿಜವಾದ ಹಳ್ಳಿ ಯಾವುದು, ಅಲ್ಲಿ ಡಿಸೆಂಬರಿನಲ್ಲಿ ಏನು ನಡೆಯುತ್ತಿತ್ತು ಎಂದು ಕೇಳುವವರು ವಿರಳ.

ಕೇಳಬೇಕಾಗಿದೆ. ಹಬ್ಬವೆಂಬುದು ನೆಲ, ನೀರು, ಬೆಳೆಗಳ ಮೇಲೆ ನಿಂತ ಬಾಳಿನಿಂದ ಹುಟ್ಟುವಂಥದು. ನೆಲವನ್ನು ಕಿತ್ತುಕೊಂಡು ಹಬ್ಬವನ್ನು ಮಾತ್ರ ಉಳಿಸಿಕೊಡುತ್ತೇವೆ ಎನ್ನುವ ಅಭಿವೃದ್ಧಿಯ ಆಶ್ವಾಸನೆ ಒಂದು ವಂಚನೆ. ಈ ವಂಚನೆಯ ಲೆಕ್ಕ ಬೆಂಗಳೂರಿನಲ್ಲೇ ಮುಗಿಯುವುದಿಲ್ಲ. ಅದು ಘಟ್ಟ ಹತ್ತಿ ಮಲೆನಾಡಿನ ಹೊಳೆಗಳ ಬುಡಕ್ಕೂ ಬಂದು ನಿಂತಿದೆ.

ಹೆಸರಿನಲ್ಲಿ ಉಳಿದ ಹೊಲ

ವೈಟ್‌ಫೀಲ್ಡ್ ಎಂಬ ಹೆಸರಿನ ಉತ್ತರಾರ್ಧವೇ ಹೊಲ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ಕೃಷಿ ವಸಾಹತಿಗಾಗಿ ಕೊಟ್ಟರು. ಸಂಘದ ನಾಯಕ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಕಚೇರಿಗಳಲ್ಲಿ ಗುಮಾಸ್ತಿಕೆಯನ್ನೇ ನೆಚ್ಚಿದ್ದ ಒಂದು ಸಮುದಾಯ ತನ್ನ ಕಾಲಮೇಲೆ ತಾನು ನಿಲ್ಲಬೇಕಾದರೆ ಮಣ್ಣನ್ನು ಮುಟ್ಟಬೇಕು ಎಂಬುದು ಆ ಯೋಜನೆಯ ಹುರುಳು. 1886ರಲ್ಲಿ ಅಲ್ಲಿ ಮೆಮೋರಿಯಲ್ ಚರ್ಚು ಎದ್ದಿತು. ಆ ವಸಾಹತು ದೊಡ್ಡದಾಗಿ ಬೆಳೆಯಲಿಲ್ಲ ನಿಜ. ಆದರೆ ಸುತ್ತಲಿನ ನಲ್ಲೂರಹಳ್ಳಿ, ಹಗದೂರು, ಇಮ್ಮಡಿಹಳ್ಳಿ, ಪಟ್ಟಂದೂರು ಅಗ್ರಹಾರ, ವರ್ತೂರುಗಳ ರೈತರ ರಾಗಿ ಹೊಲಗಳ ನಡುವೆ ಅದೂ ಒಂದು ಹಳ್ಳಿಯಾಗಿ ಬಾಳಿತು. 1990ರ ದಶಕದಲ್ಲಿ ಸಿಂಗಪುರದ ಸಹಭಾಗಿತ್ವದ ತಂತ್ರಜ್ಞಾನ ಉದ್ಯಾನ ಬಂದ ಮೇಲೆ ಹೊಲ ಹೆಸರಿನಲ್ಲಿ ಮಾತ್ರ ಉಳಿಯಿತು. ದಕ್ಷಿಣದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ 1978ರಲ್ಲೇ ಎಲೆಕ್ಟ್ರಾನಿಕ್ ಸಿಟಿಗೆ ನಾಂದಿಯಾಗಿತ್ತು.

ವಾಯವ್ಯಕ್ಕೆ ತಿರುಗಿದರೆ, ಪೀಣ್ಯದ ಆಚೆ ಹೆಸರಘಟ್ಟದ ಕಡೆಗೆ ಸಿಲುವೆಪುರವೆಂಬ ಊರಿದೆ. 1876–78ರ ಮಹಾಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಕಥೋಲಿಕ ಪಾದ್ರಿಗಳು ನೆಲೆಗೊಳಿಸಿದ ಕೃಷಿಗ್ರಾಮವದು. ಕನಕಪುರದ ಕಡೆಯ ಮರಿಯಾಪುರದ ಹುಟ್ಟೂ ಅಂಥದೇ. ಹಸಿದ ಅನಾಥರಿಗೆ ಅಂದು ಕೊಟ್ಟದ್ದು ಕೇವಲ ಗಂಜಿಯಲ್ಲ. ನೇಗಿಲು ಮತ್ತು ನೆಲ. ಹಸಿವಿಗೆ ಹೊಲವೇ ಮದ್ದು ಎಂದು ಕ್ಷಾಮ ಕಲಿಸಿದ ಪಾಠವನ್ನು ಒಂದೂವರೆ ಶತಮಾನದೊಳಗೆ ಮರೆತ ನಾಡು, ಅದೇ ಸೀಮೆಯ ಹೊಲಗಳನ್ನು ನಿವೇಶನಗಳಾಗಿ ಕತ್ತರಿಸಿ ಚದರಡಿ ಲೆಕ್ಕದಲ್ಲಿ ಮಾರುತ್ತಿದೆ.

ಆಗಮನ ಕಾಲವೂ ಸುಗ್ಗಿಯೂ

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಕ್ರೈಸ್ತರು ಆಗಮನ ಕಾಲವೆನ್ನುತ್ತಾರೆ. ಅದು ಕಾಯುವ ಕಾಲ. ಬಯಲುಸೀಮೆಯ ರೈತನಿಗೂ ಅದು ಕಾಯುವ ಕಾಲವೇ. ಮುಂಗಾರಿನಲ್ಲಿ ಬಿತ್ತಿದ ರಾಗಿ ನವೆಂಬರ್‌-ಡಿಸೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಕೊಯ್ದ ತೆನೆ ಅರಿಯಾಗಿ ಒಣಗಬೇಕು, ಹೊರೆಯಾಗಬೇಕು, ಮೆದೆಯಾಗಬೇಕು. ಸಗಣಿ ಸಾರಿಸಿದ ಕಣದಲ್ಲಿ ರೋಣಗಲ್ಲು ಉರುಳುವುದು ಅನಂತರ. ಅಕ್ಕಡಿ ಸಾಲಿನ ಹುಚ್ಚೆಳ್ಳು, ಸಾಸಿವೆ, ತೊಗರಿ, ಅವರೆಗಳು ಒಂದಾದ ಮೇಲೊಂದು ಮನೆ ಸೇರುವ ದಿನಗಳೂ ಇವೇ. ಹಿಂಗಾರಿನ ಮಳೆಗೆ ತುಂಬಿದ ಕೆರೆ, ಅದರ ಕೆಳಗೆ ಮಾಗುವ ಭತ್ತ. ಚರ್ಚಿನ ಪಂಚಾಂಗ ಮತ್ತು ಹೊಲದ ಪಂಚಾಂಗಗಳು ಇಲ್ಲಿ ಒಂದೇ ಎಳೆಯಲ್ಲಿ ಸಾಗುತ್ತಿದ್ದವು.

ಆದುದರಿಂದಲೇ ಈ ಸೀಮೆಯ ಕ್ರಿಸ್ಮಸ್ಸು ಹಿಮದ ಹಬ್ಬವಾಗಿರಲಿಲ್ಲ, ಸುಗ್ಗಿಯ ಹಬ್ಬವಾಗಿತ್ತು. ಗೋದಲಿಗೆ ಬೇಕಾದ ಹುಲ್ಲು ಹಿತ್ತಿಲ ಬಣವೆಯಿಂದ ಬರುತ್ತಿತ್ತು, ಮಣ್ಣು ಹೊಲದಿಂದ. ಹಬ್ಬಕ್ಕೆ ಎರಡು ವಾರವಿರುವಾಗ ಅಗಲವಾದ ತಟ್ಟೆಯಲ್ಲಿ ತೇವದ ಮಣ್ಣು ಹರಡಿ, ಮೇಲೆ ತೆಳುವಾಗಿ ರಾಗಿ ಚೆಲ್ಲುವ ರೂಢಿಯಿತ್ತು. ರಾಗಿಯನ್ನು ಆಳಕ್ಕೆ ಹೂತರೆ ಮೊಳೆಯದು ಎಂಬ ಬೇಸಾಯದ ಮೊದಲ ಪಾಠ ಮಕ್ಕಳಿಗೆ ಅಲ್ಲೇ ಆಗುತ್ತಿತ್ತು. ಹಬ್ಬದ ಇರುಳಿಗೆ ಗೋದಲಿಯ ಸುತ್ತ ಬೆರಳುದ್ದದ ಹಸುರು ಹೊಲ ನಿಂತಿರುತ್ತಿತ್ತು. ಕ್ರಿಸ್ಮಸ್ ಮರವೆಂದರೆ ಹೊಲದಂಚಿನ ಸರ್ವೆಯ ಒಂದು ಕೊಂಬೆ. ಹೊಸ ಅಕ್ಕಿ, ಹೊಸ ಬೆಲ್ಲಗಳಿಂದ ಕಜ್ಜಾಯ; ಜತೆಗೆ ಚಕ್ಕುಲಿ, ಕರ್ಜಿಕಾಯಿ. ಅವು ದೀಪಾವಳಿಯಲ್ಲಿ ಒಕ್ಕಲಿಗರ, ಕುರುಬರ ಮನೆಗಳಿಂದ ಬಂದ ತಟ್ಟೆಗಳಿಗೆ ಮರುತಟ್ಟೆಯಾಗಿ ಹೋಗುತ್ತಿದ್ದವು. ಧರ್ಮ ಬೇರೆಯಾದರೂ ಸುಗ್ಗಿ ಒಂದೇ ಆಗಿದ್ದುದರಿಂದ ತಿಂಡಿಯೂ ಒಂದೇ.

ಅವರೆಯದೇ ಒಂದು ಅಧ್ಯಾಯ. ನಾಟಿ ಅವರೆ ಹಗಲು ಕುಗ್ಗಿದಾಗ ಮಾತ್ರ ಹೂವಿಗೆ ಬರುವ ಬೆಳೆ. ಯಾವಾಗ ಬಿತ್ತಿದರೂ ಅದು ಚಳಿಗಾಲದ ಗಡಿಯಾರಕ್ಕೇ ಕಾಯಿ ಬಿಡುತ್ತದೆ. ಮಂಜು ಬಿದ್ದಷ್ಟೂ ಕಾಯಿಯ ಮೇಲಿನ ಎಣ್ಣೆಯಂಥ ಸೊಗಡು ಹೆಚ್ಚುತ್ತದೆಂಬುದು ರೈತರ ಅನುಭವ. ಡಿಸೆಂಬರಿನಲ್ಲಿ ಇಡೀ ಸೀಮೆಯ ಸಾರು ಅವರೆಯದೇ, ಹಿತಕಿದ ಬೇಳೆಯದೇ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ, ಹಗಲಿನ ಅಳತೆಗೆ ಕಾಯದ ತಳಿಗಳನ್ನು ಕೊಟ್ಟಿತು. ವರ್ಷವಿಡೀ ಕಾಯಿ ಸಿಗುವುದು ರೈತನಿಗೆ ಲಾಭವೇ. ಆದರೆ ಸೊಗಡಿಗೆ ಕಾಲ ಬೇಕು, ಮಂಜು ಬೇಕು, ಎಲ್ಲಕ್ಕಿಂತ ಮೊದಲು ಹೊಲ ಬೇಕು. ಯಾವ ಪ್ರಯೋಗಶಾಲೆಯೂ ಹೊಲವಿಲ್ಲದ ಊರಿಗೆ ತಳಿ ಕೊಡಲಾರದು.

ಪರಿಹಾರವಿಲ್ಲದ ಹಕ್ಕಲು

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಭೂಮಿ ಮಾರಿದವರು ರೈತರೇ ಅಲ್ಲವೇ? ಅವರಿಂದು ಬಾಡಿಗೆಯ ಮನೆಗಳ ಒಡೆಯರಾಗಿಲ್ಲವೇ? ಹಳೆಯ ಹಳ್ಳಿಯಲ್ಲಿ ಜಾತಿಯ ಕ್ರೌರ್ಯವಿರಲಿಲ್ಲವೇ?

ಆಕ್ಷೇಪದಲ್ಲಿ ಸತ್ಯಾಂಶವಿದೆ. ಮಳೆಯಾಶ್ರಿತ ಎಕರೆಯಲ್ಲಿ ಎಂಟು ಕ್ವಿಂಟಾಲು ರಾಗಿ ಬಂದರೆ ಅದು ಒಳ್ಳೆಯ ಬೆಳೆ. 2025–26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಖರ್ಚು ಕಳೆಯುವ ಮುನ್ನವೇ ಒಟ್ಟು ಮೊತ್ತ ನಲವತ್ತು ಸಾವಿರವನ್ನು ಮುಟ್ಟುವುದಿಲ್ಲ. ಕೋಟಿಗಳ ಮಾತನಾಡುವ ದಳ್ಳಾಳಿಯೆದುರು ಈ ಲೆಕ್ಕ ಹಿಡಿದು ನಿಲ್ಲು ಎಂದು ರೈತನಿಗೆ ಹೇಳುವುದು ಸುಲಭವಲ್ಲ. ಹಳ್ಳಿಯ ಕಣದಲ್ಲಿ ಮೇಲು-ಕೀಳುಗಳಿದ್ದುದೂ ನಿಜ. ಅದನ್ನು ಮುಚ್ಚಿಟ್ಟು ಗ್ರಾಮವನ್ನು ಸ್ವರ್ಗವೆಂದು ಬಣ್ಣಿಸುವುದು ಪರಿಸರವಾದವಲ್ಲ, ಹುಸಿವಾದ.

ಆದರೆ ಲಾಭವಾದದ್ದು ಯಾರಿಗೆ? ಪಹಣಿಯಲ್ಲಿ ಹೆಸರಿದ್ದವರಿಗೆ. ಹೆಸರಿಲ್ಲದವರ ಪಾಲು ಹೊಲದಲ್ಲೇ ಇತ್ತು: ಕೊಯ್ಲಿನ ಕೂಲಿ, ಕಣದಲ್ಲಿ ಕೊಡುತ್ತಿದ್ದ ಆಯ, ಕುರಿ ಮೇಯಿಸಲು ಕೂಳೆಯ ನೆಲ, ಕೊಯ್ಲಾದ ಮೇಲೆ ಬಿದ್ದ ತೆನೆಗಳನ್ನು ಆಯ್ದುಕೊಳ್ಳುವ ಹಕ್ಕಲು. ಭೂಮಿರಹಿತ ದಲಿತರಿಗೂ ದಲಿತ ಕ್ರೈಸ್ತರಿಗೂ ಹಬ್ಬದ ಹಿಟ್ಟು ಬರುತ್ತಿದ್ದುದು ಈ ದಾರಿಗಳಿಂದ. ಭೂಸ್ವಾಧೀನದ ಯಾವ ಕಡತದಲ್ಲಿ ಹಕ್ಕಲಿಗೆ ಪರಿಹಾರ ಬರೆದಿದೆ? ಗೋಮಾಳ ಕೈಗಾರಿಕಾ ವಸಾಹತಾದಾಗ ಕುರಿಗಾಹಿಗೆ ಯಾವ ಚೆಕ್ಕು ಬಂತು? ಜಾತಿಯ ಹಳ್ಳಿ ಅಳಿಯಬೇಕಾದದ್ದೇ. ಆದರೆ ಅಳಿದದ್ದು ಬಡವನ ಪಾಲು, ಉಳಿದದ್ದು ಜಾತಿ. ಅಂದು ಹಕ್ಕಲಾಯುತ್ತಿದ್ದವರ ಮಕ್ಕಳು ಇಂದು ಅದೇ ನೆಲದ ಮೇಲಿನ ಗಾಜಿನ ಕಟ್ಟಡಗಳಲ್ಲಿ ನೆಲ ಒರೆಸುವ ಗುತ್ತಿಗೆ ಕಾರ್ಮಿಕರು.

ಕ್ರಿಸ್ಮಸ್ಸಿನ ಕಥೆಯನ್ನು ಬಲ್ಲವರಿಗೆ ಇದರ ವ್ಯಂಗ್ಯ ಹೊಳೆಯಬೇಕು. ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿನ ಅರ್ಥ ರೊಟ್ಟಿಯ ಮನೆ. ಪರದೇಶದಿಂದ ಬಂದ ವಿಧವೆ ರೂತಳು ಹಕ್ಕಲಾಯ್ದು ಅತ್ತೆಯನ್ನು ಸಾಕಿದ್ದು ಆ ಊರಿನ ಹೊಲಗಳಲ್ಲೇ. ಶಿಶು ಜನಿಸಿದ ಸುದ್ದಿ ಮೊದಲು ತಲುಪಿದ್ದು ಬಯಲಿನಲ್ಲಿ ಕುರಿ ಕಾಯುತ್ತಿದ್ದವರಿಗೆ. ಹಕ್ಕಲೂ ಇಲ್ಲದ, ಕುರಿಯ ಬಯಲೂ ಇಲ್ಲದ ಊರಿನಲ್ಲಿ ಆ ಕಥೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ ನಿಲ್ಲಿಸುವುದಕ್ಕಿಂತ ಹೆಚ್ಚಿನದು ಮಾರುಕಟ್ಟೆಯ ಕೈಯಲ್ಲಿ ಆಗದು.

ಕೆರೆಯ ನೊರೆ, ಹತ್ತಿಯ ಹಿಮ

ಬೆಳ್ಳಂದೂರು ಕೆರೆ ತುಂಬಿ ವರ್ತೂರಿಗೆ, ವರ್ತೂರು ತುಂಬಿ ದಕ್ಷಿಣ ಪಿನಾಕಿನಿಗೆ ನೀರು ಇಳಿಯುವುದು ಈ ಸೀಮೆಯ ಕಟ್ಟುಕಟ್ಟಳೆ. ಸರಣಿ ಕೆರೆಗಳನ್ನು ಕಟ್ಟಿದವರಿಗೆ ಒಂದರ ಕೊಳೆ ಮುಂದಿನದರ ಪಾಲಿನ ವಿಷವೆಂದು ಗೊತ್ತಿತ್ತು. ಐ.ಟಿ. ಪಟ್ಟಿಗೆ ಅದು ಗೊತ್ತಾಗಲಿಲ್ಲ. 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿತು. ಆ ವರ್ಷವೇ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತು; 2017ರಲ್ಲಿ ಮತ್ತು 2018ರ ಜನವರಿಯಲ್ಲಿ ಆ ಕೆರೆಯಂಗಳ ಮತ್ತೆ ಉರಿಯಿತು. ಹತ್ತಿಯ ಹಿಮ ಮಾರುವ ಊರಿಗೆ ಮಾರ್ಜಕದ ಹಿಮ ಪುಕ್ಕಟೆ ಸುರಿಯಿತು. ಪೀಣ್ಯದ ಅಂತರ್ಜಲದಲ್ಲಿ ಲೋಹಲೇಪನದ ಕಾರ್ಖಾನೆಗಳ ಕ್ರೋಮಿಯಂ ಸೇರಿತು. 2022ರ ಸೆಪ್ಟೆಂಬರಿನಲ್ಲಿ ರಾಜಕಾಲುವೆಗಳ ಮೇಲೆ ಕಟ್ಟಿದ ಬಡಾವಣೆಗಳು ಮುಳುಗಿ, ಕೋಟ್ಯಧೀಶರೂ ಟ್ರಾಕ್ಟರಿನಲ್ಲಿ ಮನೆ ಬಿಟ್ಟರು. 2024ರ ಮಾರ್ಚಿನಲ್ಲಿ ಅದೇ ವೈಟ್‌ಫೀಲ್ಡ್-ಮಹದೇವಪುರದ ಜನ ಟ್ಯಾಂಕರಿಗೆ ಸಾಲು ನಿಂತರು. ಒಂದೂವರೆ ವರ್ಷದ ಅಂತರದಲ್ಲಿ ಪ್ರವಾಹವೂ ಬರವೂ ಒಂದೇ ಊರಿಗೆ ಬಂದದ್ದು ದೇವರ ಕೋಪದಿಂದಲ್ಲ. ಕೆರೆ, ಕಾಲುವೆ, ಹೊಲಗಳೆಂಬ ಮೂರು ಅಂಗಗಳನ್ನು ಕತ್ತರಿಸಿದ್ದರಿಂದ. ರಾಗಿಯ ಹೊಲ ಮಳೆಯನ್ನು ಕುಡಿಯುತ್ತಿತ್ತು, ಕಾಂಕ್ರೀಟು ಉಗುಳುತ್ತದೆ.

ಘಟ್ಟಕ್ಕೆ ಬರುವ ಬಿಲ್ಲು

ಮಲೆನಾಡಿನ ವಿದ್ಯಾರ್ಥಿಯೊಬ್ಬ ಕೇಳಬಹುದು: ಬಯಲಿನ ಈ ಕಥೆ ಗುಡ್ಡದವರಿಗೇಕೆ? ಉತ್ತರ ನೇರವಾಗಿದೆ. ತನ್ನ ಕೆರೆಗಳನ್ನು ಕೊಂದ ನಗರ ಇನ್ನೊಬ್ಬರ ಹೊಳೆಗೆ ಕೊಳವೆ ಹಾಕುತ್ತದೆ. ಬಯಲುಸೀಮೆಯ ಬಾಯಾರಿಕೆ ನಿಜವಾದದ್ದು. ಅದನ್ನು ತೋರಿಸಿಯೇ ಸಕಲೇಶಪುರದ ಹಳ್ಳಗಳಿಂದ 24 ಟಿ.ಎಂ.ಸಿ. ನೀರೆತ್ತುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಅಡಿಗಲ್ಲು ಹಾಕಲಾಯಿತು. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. ಕೋಲಾರ-ಚಿಕ್ಕಬಳ್ಳಾಪುರಗಳ ರೈತರು ಕೇಳಿದ್ದು ನೀರು. ಅವರ ಹೆಸರಿನಲ್ಲಿ ಕಡಿದದ್ದು ಮಲೆನಾಡಿನ ಕಾಡು. ಲಿಂಗನಮಕ್ಕಿಯಿಂದ ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪದ ವಿರುದ್ಧ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಡಿಸೆಂಬರಿನ ಕೊನೆಯ ವಾರದಲ್ಲಿ ಹಳ್ಳಿಯನ್ನೂ ಹಸುರನ್ನೂ ಹುಡುಕಿ ಮುಳ್ಳಯ್ಯನಗಿರಿಗೆ, ಸಕಲೇಶಪುರಕ್ಕೆ ಸಾಲುಗಟ್ಟುವ ಕಾರುಗಳು ಎಲ್ಲಿಂದ ಬರುತ್ತವೆಂದು ಹೇಳಬೇಕಾಗಿಲ್ಲ. ತಮ್ಮ ಬಾಗಿಲ ಹಳ್ಳಿಯನ್ನು ಅಳಿಸಿದವರಿಗೆ ಬೇರೊಬ್ಬರ ಹಳ್ಳಿ ವಾರಾಂತ್ಯದ ಸರಕು.

2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಕೃಷಿಕರಲ್ಲದವರಿಗೂ ಕೃಷಿಭೂಮಿಯ ಬಾಗಿಲು ತೆರೆಯಲಾಯಿತು. ವೈಟ್‌ಫೀಲ್ಡಿನಲ್ಲಿ ನಡೆದದ್ದು ಕೊಪ್ಪ, ಮೂಡಿಗೆರೆ, ತೀರ್ಥಹಳ್ಳಿಗಳಲ್ಲಿ ನಡೆಯಲಾರದೆಂಬ ಭ್ರಮೆ ಯಾರಿಗೂ ಬೇಡ.

ಹಾಗೆಂದು ಎಲ್ಲವೂ ಮುಗಿಯಿತೆಂದಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯ ಸ್ವಾಧೀನವನ್ನು ವಿರೋಧಿಸಿ ಮೂರು ವರ್ಷಗಳಿಗೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಬೇಕಾಯಿತು. ಬೆಂಗಳೂರಿನ ಬಾಗಿಲಲ್ಲೇ, ವಿಮಾನ ನಿಲ್ದಾಣದ ನೆರಳಲ್ಲೇ, ಹೊಲ ಉಳಿಸಿಕೊಳ್ಳಬಹುದೆಂದು ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುವ ಜನ ತೋರಿಸಿಕೊಟ್ಟಿದ್ದಾರೆ.

ಆದುದರಿಂದ ಬೇಡಿಕೆಗಳು ಸ್ಪಷ್ಟವಾಗಿರಲಿ. 79ಎ, 79ಬಿ ಕಲಮುಗಳು ಮರಳಿ ಬರಬೇಕು. ಯಾವ ಸ್ವಾಧೀನದಲ್ಲೂ ಭೂಮಿಯ ಒಡೆಯನಷ್ಟೇ ಅಲ್ಲ, ಆ ಭೂಮಿಯಿಂದ ಬದುಕುವ ಪ್ರತಿಯೊಬ್ಬ ಕೂಲಿ, ಕುರಿಗಾಹಿ, ಹಕ್ಕಲಾಯುವ ಹೆಂಗಸೂ ಬಾಧಿತರ ಪಟ್ಟಿಯಲ್ಲಿರಬೇಕು. ತನ್ನ ಕೆರೆಗಳನ್ನು ಶುದ್ಧಗೊಳಿಸಿ, ತನ್ನ ಮಳೆಯನ್ನು ಹಿಡಿದಿಟ್ಟುಕೊಳ್ಳುವವರೆಗೆ ನಗರಕ್ಕೆ ಘಟ್ಟದ ಒಂದು ಹನಿಯನ್ನೂ ಕೇಳುವ ನೈತಿಕ ಹಕ್ಕಿಲ್ಲ. ಇವನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸುವ ಕೆಲಸ ಈ ಡಿಸೆಂಬರಿನಲ್ಲೇ ಪ್ರತಿ ಊರಿನಲ್ಲೂ ಆರಂಭವಾಗಲಿ. ಸುಗ್ಗಿ ಇರುವ ಊರಿನಲ್ಲಿ ಯಾವ ಧರ್ಮದ ಹಬ್ಬವನ್ನೂ ಅಂಗಡಿಯಿಂದ ತರಬೇಕಾಗಿಲ್ಲ.